ಗೋಡಂಬಿ ಇಲ್ಲದ ಕುಂದಾ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೂರು ವರ್ಷದ ಹಿಂದೆ ಆ ಹೆಸರನ್ನು, ಇನಿಷಿಯಲ್ ಸಮೇತ, ಬರೆಯಬಾರದ ಒಂದು ಜಾಗದಲ್ಲಿ ನಾನೇ ಬರೆದಿದ್ದೇನೆ. ಅದಾದ ಮೇಲೆ ಇನ್ನೊಂದು ಕಡೆ ಬರೆಯಲು ಕೈ ಬರುವುದಿಲ್ಲ. ಆಫೀಸಿನಲ್ಲಿ ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಇಲ್ಲೂ ಹಾಗೇ ಇರಲಿ.

ಮೇಡಂ ಹೋದ ತಿಂಗಳು ತೀರಿಕೊಂಡರು. ಕೆಂಗೇರಿ ಉಪನಗರದ ತಮ್ಮ ಮನೆಯಲ್ಲಿ ಬೆಳಗಿನ ಚಹಾ ಕುಡಿದು, ಎದೆ ಹಿಡಿದ ಹಾಗಾಗಿದೆ ಎಂದು ಕುರ್ಚಿಗೆ ಒರಗಿದವರು ಮತ್ತೆ ಏಳಲಿಲ್ಲವಂತೆ. ಸುದ್ದಿ ಕೇಳಿದ ತಕ್ಷಣ ನಾನು ಅಳಲಿಲ್ಲ. ಅಡುಗೆಮನೆಗೆ ಹೋಗಿ, ಸ್ಟೂಲ್ ಹಾಕಿಕೊಂಡು, ಮೇಲಿನ ಗೂಡಿನಿಂದ ಒಂದು ಸ್ಟೀಲ್ ಡಬ್ಬಿ ಇಳಿಸಿದೆ. ಅದು ಅವರದು. ಮುಚ್ಚಳದ ಮೇಲೆ ಪಾತ್ರೆ ಅಂಗಡಿಯವರು ಚುಕ್ಕಿ ಚುಕ್ಕಿಯಾಗಿ ಕೊರೆದ ಅವರ ಹೆಸರಿದೆ. "ಇದನ್ನ ಇನ್ನೂ ವಾಪಸ್ ಕೊಟ್ಟಿಲ್ವಾ ನೀವು?" ಎಂದಳು ಹೆಂಡತಿ. ಇಲ್ಲ ಎಂದೆ. ಕೊಡಬೇಕಾದದ್ದು ಡಬ್ಬಿ ಒಂದೇ ಆಗಿರಲಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲ.

ನಮ್ಮದು ದೊಡ್ಡ ಕಂಪನಿಯೇನಲ್ಲ. ಬಸವೇಶ್ವರನಗರದಲ್ಲಿ ಒಂದು ಮನೆಯ ಮೇಲಿನ ಎರಡು ಮಹಡಿ ಬಾಡಿಗೆಗೆ ಹಿಡಿದು ಸಣ್ಣ ಕ್ಲಿನಿಕ್ಕುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಟೋಕನ್ ಕೊಡುವುದು, ಪೇಷಂಟುಗಳ ಫೈಲು ಇಡುವುದು, ಔಷಧಿ ಚೀಟಿ ಪ್ರಿಂಟ್ ಮಾಡುವುದು, ಇಷ್ಟೇ. ಹೆಗ್ಗನಹಳ್ಳಿ, ಸುಂಕದಕಟ್ಟೆ, ಕೆಂಗೇರಿ ಕಡೆಯ ಒಬ್ಬೊಬ್ಬರೇ ಡಾಕ್ಟರಿರುವ ಕ್ಲಿನಿಕ್ಕುಗಳು ನಮ್ಮ ಗಿರಾಕಿಗಳು. ನಾನು ಅಲ್ಲಿ ಟೀಮ್ ಲೀಡ್. ಮೇಡಂ ಅಂಥದ್ದೇ ಒಂದು ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಹದಿನಾರು ವರ್ಷ ಕೂತು ಟೋಕನ್ ಕೊಟ್ಟವರು. ಆ ಡಾಕ್ಟರು ವಯಸ್ಸಾಯಿತೆಂದು ಬಾಗಿಲು ಹಾಕಿದಾಗ ನಮ್ಮ ಮಾಲೀಕರು, ಅವರನ್ನು ನಾವು ಬರೀ ಸಾರ್ ಎನ್ನುತ್ತೇವೆ, ಫೋನ್ ಎತ್ತಲಿಕ್ಕೆಂದು ಮೇಡಂ ಅವರನ್ನು ಕೆಲಸಕ್ಕೆ ಕರೆದುಕೊಂಡರು. ಆರು ತಿಂಗಳಲ್ಲಿ ಅವರೇ ನಮ್ಮ ಟೆಸ್ಟಿಂಗ್ ವಿಭಾಗ ಆಗಿಬಿಟ್ಟರು. ವಿಭಾಗ ಎಂದರೆ ಅವರೊಬ್ಬರೇ.

ಊರು ಬೆಳಗಾವಿ ಕಡೆ. ಗಂಡ ಬಸ್ ಡ್ರೈವರ್ ಆಗಿದ್ದು ವರ್ಗವಾಗಿ ಇಲ್ಲಿಗೆ ಬಂದವರು. ಇಪ್ಪತ್ತೈದು ವರ್ಷ ಬೆಂಗಳೂರಿನಲ್ಲಿ ಇದ್ದರೂ ಮೇಡಂ ಮಾತು ಒಂದಿಂಚೂ ಅಲುಗಿರಲಿಲ್ಲ. ಕಂಪ್ಯೂಟರಿನ ಒಳಗೆ ಏನು ನಡೆಯುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಅದರ ಮುಂದೆ ಕೂರುವವರು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿದ್ದರು.

ಅಪ್‌ಡೇಟುಗಳಿಗೆ ಸಿಹಿ ತಿಂಡಿಯ ಹೆಸರಿಡುವುದನ್ನು ಶುರು ಮಾಡಿದ್ದು ಅವರೇ. ಅಲ್ಲಿಯ ತನಕ ನಮ್ಮವಕ್ಕೆ ನಂಬರುಗಳಿದ್ದವು, ಐದು ಪಾಯಿಂಟ್ ಮೂರು ಪಾಯಿಂಟ್ ಎರಡು ಎಂಬಂಥವು. ಯಾವುದೋ ಕ್ಲಿನಿಕ್ಕಿನವರು ಫೋನ್ ಮಾಡಿ ಕೆಟ್ಟಿದೆ ಎಂದಾಗ, ಯಾವ ಅಪ್‌ಡೇಟ್ ಇದೆ ಎಂದು ತಿಳಿಯುವಷ್ಟರಲ್ಲಿ ಅರ್ಧ ಗಂಟೆ ಆಗುತ್ತಿತ್ತು. ಒಂದು ದಿನ ಮೇಡಂ ಫೋನ್ ಇಟ್ಟು ನೇರ ಸಾರ್ ಮೇಜಿನ ಹತ್ತಿರ ಹೋದರು. "ಸಾರ್, ನಂಬರ್ ಯಾರ ನೆನಪಿಡ್ತಾರ್ರೀ? ತಿಂದಿದ್ದು ಯಾರೂ ಮರೆಯೂದಿಲ್ಲ. ಉಂಡಿ, ಹೋಳಿಗಿ ಅಂತ ಹೆಸರಿಡ್ರಿ" ಎಂದರು. ಸಾರ್ ನಕ್ಕರು. ಮುಂದಿನದಕ್ಕೆ ಹಯಗ್ರೀವ ಎಂದು ಹೆಸರಿಟ್ಟೆವು. ಅದಾದ ಮೇಲೆ ಚಿರೋಟಿ, ಕರದಂಟು, ಹಾಲುಬಾಯಿ, ಕಜ್ಜಾಯ, ಮಂಡಿಗೆ. ಒಮ್ಮೆ ಇಟ್ಟ ಹೆಸರನ್ನು ಮತ್ತೆ ಇಡುವಂತಿಲ್ಲ ಎಂಬುದು ಅವರ ಕಾನೂನು.

ಇದರಿಂದ ನಮ್ಮ ಫೋನುಗಳ ಚಹರೆಯೇ ಬದಲಾಯಿತು. ಸುಂಕದಕಟ್ಟೆಯ ಕ್ಲಿನಿಕ್ಕಿನಿಂದ ಒಬ್ಬಳು, "ಅಕ್ಕಾ, ನಮ್ದಿನ್ನೂ ಚಿರೋಟಿನೇ ಇದೆ. ಎದುರು ರೋಡ್ ಕ್ಲಿನಿಕ್ಕಿಗೆ ಕರದಂಟು ಬಂದಿದೆಯಂತೆ, ನಮ್ಗ್ಯಾಕೆ ಕಳ್ಸಿಲ್ಲ?" ಎಂದು ಜಗಳಕ್ಕೆ ಬಂದಿದ್ದಳು. ಸಕ್ಕರೆ ಕಾಯಿಲೆಯ ಡಾಕ್ಟರೊಬ್ಬರು ಬೆಳಗ್ಗೆ ಕಂಪ್ಯೂಟರ್ ಹಾಕಿದರೆ ಬಾಯಲ್ಲಿ ನೀರು ಬರುತ್ತದೆ, ಒಂದಕ್ಕಾದರೂ ಹಾಗಲಕಾಯಿ ಎಂದು ಹೆಸರಿಡಿ ಎಂದು ಬೇಡಿಕೊಂಡಿದ್ದರು. ಮೇಡಂ ಒಪ್ಪಲಿಲ್ಲ.

ಹೆಸರಿನ ಜೊತೆ ಇನ್ನೊಂದು ರೂಢಿಯೂ ಬೆಳೆಯಿತು. ಅಪ್‌ಡೇಟ್ ತಮ್ಮ ಕಣ್ಣಿಗೆ ಸರಿ ಕಂಡ ದಿನ ಮೇಡಂ ಆ ಹೆಸರಿನ ತಿಂಡಿಯನ್ನು ಮನೆಯಲ್ಲಿ ಮಾಡಿ, ಈ ಡಬ್ಬಿಯಲ್ಲಿ ತಂದು, ಆಫೀಸಿನ ಮೂಲೆ ಮೇಜಿನ ಮೇಲೆ ಇಡುತ್ತಿದ್ದರು. ಡಬ್ಬಿ ಬಂತು ಎಂದರೆ ಬಿಡಬಹುದು ಎಂದರ್ಥ. ಡಬ್ಬಿ ಇಲ್ಲ ಎಂದರೆ ಯಾರು ಕುಣಿದರೂ ಬಿಡುವಂತಿಲ್ಲ. ಇದನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಎಲ್ಲ ಕ್ಲಿನಿಕ್ಕುಗಳಿಗೂ ಅಪ್‌ಡೇಟ್ ಕಳಿಸುವ ಬಟನ್ ಒತ್ತುತ್ತಿದ್ದ ನಮ್ಮ ಪ್ರೋಗ್ರಾಮರ್ ಕಿರಣ್ ಮಾತ್ರ ಮುಚ್ಚಳದ ಮೇಲಿನ ಹೆಸರು ಮುಟ್ಟಿ, ಒಂದು ತುಂಡು ಬಾಯಿಗೆ ಹಾಕಿಕೊಂಡು, ಆಮೇಲೆ ಬಟನ್ ಒತ್ತುತ್ತಿದ್ದ. ನಮಗೆ ಸಹಿ, ಮೊಹರು ಎಲ್ಲ ಅದೇ ಆಗಿತ್ತು.

ಅವರು ಟೆಸ್ಟ್ ಮಾಡುವುದನ್ನು ನೋಡಿದ ಹೊಸಬರಿಗೆ ಇವರಿಗೇನೋ ಆಗಿದೆ ಎನ್ನಿಸುತ್ತಿತ್ತು. ಪಕ್ಕದಲ್ಲಿ ಒಂದು ಲೋಟ ನೀರಿಟ್ಟುಕೊಂಡು ಬೆರಳು ಅದ್ದಿ ಅದ್ದಿ ಫೋನಿನ ಪರದೆ ಒತ್ತುತ್ತಿದ್ದರು. ಕ್ಲಿನಿಕ್ಕಿನಲ್ಲಿ ಕೈ ಒಣಗಿರುವುದು ಯಾವಾಗ? ಕನ್ನಡಕ ತೆಗೆದಿಟ್ಟು ಕಣ್ಣು ಕಿರಿದು ಮಾಡಿ ಓದುತ್ತಿದ್ದರು, ಏಕೆಂದರೆ ಕೆಂಗೇರಿಯ ಒಬ್ಬ ಡಾಕ್ಟರಿಗೆ ಕನ್ನಡಕ ಹಾಕಿಕೊಳ್ಳಲು ನಾಚಿಕೆ. ಕಿವಿ ಮತ್ತು ಭುಜದ ನಡುವೆ ಫೋನ್ ಸಿಕ್ಕಿಸಿಕೊಂಡು, ಯಾರೊಂದಿಗೋ ಜಗಳವಾಡುವಂತೆ ಜೋರಾಗಿ ಮಾತಾಡುತ್ತಾ ಟೋಕನ್ ಕೊಡುತ್ತಿದ್ದರು. ಎಲ್ಲಕ್ಕಿಂತ ಮುಖ್ಯ, ಅವರು ದೊಡ್ಡ ಟೆಸ್ಟು ಮಾಡುತ್ತಿದ್ದದ್ದು ಮಧ್ಯಾಹ್ನ ಒಂದೂವರೆಗೆ, ಊಟಕ್ಕೆ ಮುಂಚೆ. ಊಟ ಮಾಡಿ ಬನ್ನಿ ಎಂದರೆ, "ಹೊಟ್ಟಿ ತುಂಬಿದಾಗ ಎಲ್ಲಾ ಸರೀನ ಕಾಣ್ತೈತಿ ತಮ್ಮಾ. ಅಲ್ಲಿ ತಪ್ಪಾಗೂದು ಹಸದಾಗ" ಎನ್ನುತ್ತಿದ್ದರು. ಆ ಹೊತ್ತಿನಲ್ಲಿ ಅವರು ಹಿಡಿದ ತಪ್ಪುಗಳಿಗೆ ಲೆಕ್ಕವಿಲ್ಲ.

ನನ್ನನ್ನು ಅವರು ಮೊದಲಿನಿಂದಲೂ ತಮ್ಮಾ ಎಂದೇ ಕರೆದರು. ನಾನು ಅವರ ಮೇಲಧಿಕಾರಿ ಎಂಬುದು ಅವರಿಗೆ ಯಾರೋ ಹೇಳಿದ್ದರು, ಅವರು ತಲೆಗೆ ಹಾಕಿಕೊಂಡಿರಲಿಲ್ಲ.

ಒಂದು ಸಲ ಒಂದು ಪುಟ್ಟ ಚೌಕಕ್ಕಾಗಿ ಎರಡು ವಾರ ಹಟ ಹಿಡಿದರು. ಫೈಲಿನಲ್ಲಿ ಯಾರಾದರೂ ಏನಾದರೂ ಅಳಿಸಿ ಬೇರೆ ಬರೆದರೆ, ಬದಲಿಸಿದ್ದು ಏಕೆ ಎಂದು ಕಂಪ್ಯೂಟರ್ ಕೇಳಬೇಕು, ಬದಲಾದ ಸುದ್ದಿ ಸಂಬಂಧಪಟ್ಟ ಎಲ್ಲರಿಗೂ ಹೋಗಬೇಕು ಎಂದು ಅವರ ವಾದ. ನಾನು ಅದಕ್ಕೆ ‘ಬದಲಾವಣೆಯ ಕಾರಣವನ್ನು ನಮೂದಿಸಿ’ ಎಂದು ಬರೆಸಿದ್ದೆ. "ಇದೇನ ಕೋರ್ಟನು? ಮಂದಿ ಹೆದರತಾರ. ಯಾಕೆ ಅಂತ ಕೇಳ್ರಿ, ಮನ್ಯಾಗ ಕೇಳಿದಂಗ" ಎಂದರು. ಹಾಗೇ ಮಾಡಿದೆವು. ಚೌಕದಲ್ಲಿ ‘ಯಾಕೆ?’ ಎಂದಷ್ಟೇ ಬರುತ್ತದೆ. ಮೇಡಂ ಅದರಲ್ಲಿ ಒಂದು ಚುಕ್ಕಿ ಇಟ್ಟು ಒತ್ತಿದರು, ಒಪ್ಪಿಕೊಂಡಿತು. ಕಿರಣನನ್ನು ಕರೆದು ಚುಕ್ಕಿ ನಡೆಯಬಾರದು ಎಂದರು. ಆಮೇಲೆ ಕಿರಣ್ ‘ಸರಿ ಮಾಡಿದೆ’ ಎಂದು ಟೈಪ್ ಮಾಡಿ ತೋರಿಸಿದ. ಅದಕ್ಕೂ ತಲೆ ಅಲ್ಲಾಡಿಸಿದರು.

"ಸರಿ ಮಾಡೀನಿ ಅನ್ನೂದು ಕಾರಣ ಅಲ್ಲೋ. ತಪ್ಪು ಏನ ಆಗಿತ್ತು, ಅದನ್ನ ಬರಿ."

"ಅದನ್ನ ಕಂಪ್ಯೂಟರ್ ಹೆಂಗ್ ಚೆಕ್ ಮಾಡುತ್ತೆ ಮೇಡಂ? ಜನ ಏನ್ ಬೇಕಾದ್ರೂ ಬರೀತಾರೆ" ಎಂದ ಕಿರಣ್.

"ಕಂಪ್ಯೂಟರ್ ಬ್ಯಾಡ. ಬರಿಯಾಂವಗ ಗೊತ್ತಾದ್ರ ಸಾಕು" ಎಂದರು.

ಆ ಚೌಕ ನಮ್ಮ ಎಲ್ಲ ಕ್ಲಿನಿಕ್ಕುಗಳಲ್ಲೂ ಈಗಲೂ ಇದೆ. ನಮ್ಮ ಆಫೀಸಿನ ಸ್ವಂತ ದಾಖಲೆಗಳನ್ನು ಇಡುವುದೂ ಅದೇ ಸಾಫ್ಟ್‌ವೇರಿನಲ್ಲಿ, ಹಾಗಾಗಿ ನಮ್ಮನ್ನೂ ಅದು ಕೇಳುತ್ತದೆ.

ನಾನು ಇರುವುದು ವಿಜಯನಗರದಲ್ಲಿ. ಮೇಡಂ ಕೆಂಗೇರಿಯಿಂದ ಮೆಟ್ರೋದಲ್ಲಿ ವಿಜಯನಗರಕ್ಕೆ ಬಂದು ಇಳಿಯುತ್ತಿದ್ದರು. ಅಲ್ಲಿಂದ ಆಫೀಸಿಗೆ ನನ್ನ ಸ್ಕೂಟರಿನಲ್ಲಿ. ಎಷ್ಟೋ ವರ್ಷ ಅದು ನಡೆಯಿತು. ಸ್ಟೇಷನ್ನಿನ ಮೆಟ್ಟಿಲ ಕೆಳಗೆ, ಹೂವಿನವಳ ಪಕ್ಕದಲ್ಲಿ, ಚೀಲ ಎದೆಗವಚಿಕೊಂಡು ನಿಂತಿರುತ್ತಿದ್ದರು. ಡಬ್ಬಿಯ ದಿನವಾದರೆ ಹಿಂದೆ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ಹಂಪ್ ಬಂದಾಗಲೂ ನನ್ನ ಭುಜ ಚಿವುಟುತ್ತಿದ್ದರು. ಮನೆಯ ಸಂಗತಿ, ಆಫೀಸಿನ ಸಂಗತಿ, ನನ್ನ ಮಗನಿಗೆ ಹಲ್ಲು ಬಂದದ್ದು, ಎಲ್ಲವೂ ಆ ಇಪ್ಪತ್ತು ನಿಮಿಷದಲ್ಲಿ ಆಗಿಹೋಗುತ್ತಿತ್ತು. ಸಾರ್ ಹತ್ತಿರ ನನ್ನ ಬಗ್ಗೆ ಒಂದೊಳ್ಳೆ ಮಾತಾಡಿ ಟೀಮ್ ಲೀಡ್ ಮಾಡಿಸಿದ್ದೂ ಅವರೇ ಎಂದು ಬಹಳ ದಿನದ ಮೇಲೆ ನನಗೆ ತಿಳಿಯಿತು.

ಅಂಗಡಿಯ ಸಿಹಿ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅದರಲ್ಲೂ ಗೋಡಂಬಿ ಕಂಡರೆ ಉರಿಯುತ್ತಿತ್ತು. ಯಾರದೋ ಹುಟ್ಟುಹಬ್ಬಕ್ಕೆ ಬಂದ ಬರ್ಫಿಯ ಮೇಲಿನ ಗೋಡಂಬಿಯನ್ನು ಉಗುರಿನಿಂದ ಎಬ್ಬಿಸಿ ಪಕ್ಕಕ್ಕಿಟ್ಟು, "ಕೆಳಗ ಏನೋ ಕೆಟ್ಟೈತಿ. ಅದಕ್ಕ ಇದನ್ನ ಮುಚ್ಚ್ಯಾರ" ಎಂದಿದ್ದರು. ಒಂದು ದಿನ ನಮ್ಮೂರ ಕುಂದಾ ತಿನ್ನಿಸುತ್ತೇನೆ, ಹಾಲು, ಸಕ್ಕರೆ, ಎರಡು ತಾಸಿನ ತಾಳ್ಮೆ, ಇಷ್ಟರ ಮೇಲೆ ಅದಕ್ಕೆ ಬೇರೇನೂ ಬೇಡ ಎನ್ನುತ್ತಿದ್ದರು. ತವರಿನ ತಿಂಡಿಯಾದ್ದರಿಂದ ಅದನ್ನು ಒಳ್ಳೆಯ ಅಪ್‌ಡೇಟಿಗೇ ಎಂದು ಎಷ್ಟೋ ವರ್ಷ ಕಾದಿರಿಸಿದ್ದರು.

ಕೊನೆಗೆ ಕುಂದಾ ಎಂಬ ಹೆಸರು ಸಿಕ್ಕಿದ್ದು ನಾವು ಅಲ್ಲಿಯ ತನಕ ಮಾಡಿದ್ದರಲ್ಲೇ ದೊಡ್ಡ ಅಪ್‌ಡೇಟಿಗೆ. ಒಬ್ಬರದೇ ಎರಡೆರಡು ಫೈಲು ಇದ್ದರೆ ಹುಡುಕಿ ಸೇರಿಸಿ ಒಂದು ಮಾಡುವ ಕೆಲಸ ಅದರದು. ಹತ್ತಾರು ಕ್ಲಿನಿಕ್ ಇಟ್ಟುಕೊಂಡ ಹೊಸ ಗಿರಾಕಿಯೊಬ್ಬರು ಮೈಸೂರಿನಲ್ಲಿದ್ದರು, ಅವರಿಗೆ ತೋರಿಸಲು ಸಾರ್ ಅಲ್ಲಿಗೆ ಹೋಗಿದ್ದರು. ಶುಕ್ರವಾರ ಸಂಜೆಯೊಳಗೆ ಎಂದು ಮಾತು ಕೊಟ್ಟಿದ್ದರು.

ಗುರುವಾರ ಬೆಳಗ್ಗೆ ಸ್ಕೂಟರಿನಲ್ಲಿ ಮೇಡಂ ಹೇಳಿದ ಮಾತು ನನಗೆ ಅಕ್ಷರ ಅಕ್ಷರವೂ ನೆನಪಿದೆ. "ತಮ್ಮಾ, ನಾಳೆ ನಮ್ಮ ಮನಿಯವರ ಕಣ್ಣಿನ ಆಪರೇಷನ್ ಐತಿ. ಸೋಮವಾರ ಬರ್ತೀನಿ. ಅಲ್ಲೀತನಕಾ ಬಿಡಬ್ಯಾಡ. ಒಂದ ಫೋನ್ ನಂಬರ್ ಅಂದ್ರ ಒಬ್ಬರ ಪೇಷಂಟ್ ಅಂತ ಅದು ತಿಳಕೊಂಡಂಗ ಕಾಣ್ತೈತಿ. ನಮ್ಮ ಮಂದಿ ಮನಿಗೆಲ್ಲಾ ಸೇರಿ ಒಂದ ಫೋನ್ ಇಟ್ಟಿರ್ತಾರ. ಅದೊಂದು ನೋಡಬೇಕು." ಆಯ್ತು ಮೇಡಂ ಎಂದೆ. ಹಂಪ್ ಬಂತು, ಭುಜ ಚಿವುಟಿದರು.

ಶುಕ್ರವಾರ ಸಾರ್ ಮೂರು ಸಲ ಫೋನ್ ಮಾಡಿದರು. ಮೂರನೆಯ ಸಲ, "ಆಗುತ್ತಾ ಆಗಲ್ವಾ ಹೇಳಿಬಿಡಪ್ಪ, ನಾನು ಅವ್ರ ಮುಂದೆ ಕೂತಿದೀನಿ" ಎಂದರು. ಮೇಡಂ ನೋಡಬೇಕಾದದ್ದು ಒಂದು ಉಳಿದಿದೆ ಎನ್ನಬಹುದಿತ್ತು. ಎರಡು ಬೈಗುಳ ತಿಂದಿದ್ದರೆ ಮುಗಿದು ಹೋಗುತ್ತಿತ್ತು. "ಆಗುತ್ತೆ ಸಾರ್" ಎಂದುಬಿಟ್ಟೆ. ಕಿರಣನ ಹತ್ತಿರ ಹೋದರೆ ಅವನು ಮೂಲೆ ಮೇಜು ತೋರಿಸಿದ. "ಡಬ್ಬಿ ಬರ್ದೆ ನಾನ್ ಒತ್ತಲ್ಲ ಬಾಸ್. ನೀವು ಹೇಳಿದ್ರೂ ಒತ್ತಲ್ಲ."

ನಾನು ಕೆಳಗಿಳಿದು ಮುಖ್ಯರಸ್ತೆಯ ಸ್ವೀಟ್ ಅಂಗಡಿಯಲ್ಲಿ ಕುಂದಾ ಕೊಂಡೆ. ಎಲ್ಲರಿಗೂ ಬಾಯಿ ಸಿಹಿ ಮಾಡೋಣ ಎಂದಷ್ಟೇ ನನ್ನ ಉದ್ದೇಶ ಎಂದು ಮೆಟ್ಟಿಲು ಹತ್ತುವಾಗ ನನಗೆ ನಾನೇ ಹೇಳಿಕೊಂಡೆ. ಹಾಗಿದ್ದರೆ ಅದನ್ನು ಅಂಗಡಿಯ ಪೊಟ್ಟಣದಲ್ಲೇ ಇಡಬಹುದಿತ್ತಲ್ಲ? ಹಿಂದಿನ ಸಲ ತೊಳೆದಿಟ್ಟ ಮೇಡಂ ಡಬ್ಬಿ ಇನ್ನೂ ಅವರ ಮೇಜಿನ ಕೆಳಗಿನ ಖಾನೆಯಲ್ಲೇ ಇರುವುದು ನನಗೆ ಗೊತ್ತಿತ್ತು. ಎಲ್ಲರೂ ಚಹಾಕ್ಕೆ ಹೋದಾಗ ಖಾನೆ ಎಳೆದೆ. ಡಬ್ಬಿ ತೆಗೆದೆ, ಕುಂದಾ ಸುರಿದೆ, ಮುಚ್ಚಳ ಹಾಕಿ ಮೂಲೆ ಮೇಜಿನ ಮೇಲಿಟ್ಟೆ. ಹೆಸರು ಮೇಲೆ ಕಾಣುವಂತೆ ಒರೆಸಿದ್ದೂ ನೆನಪಿದೆ.

ಕಿರಣ್ ಬಂದು ಡಬ್ಬಿ ನೋಡಿ ಮುಖ ಅರಳಿಸಿದ. "ಓ, ಮೇಡಂ ಕಳ್ಸಿದ್ರಾ ಬಾಸ್?"

"ತಿನ್ನು, ತಿನ್ನು" ಎಂದೆ.

ಹೌದು ಎನ್ನಲಿಲ್ಲ. ಇಲ್ಲ ಎನ್ನಲೂ ಇಲ್ಲ. ಬರೀ ತಿನ್ನು ಎಂದದ್ದನ್ನು ಇಟ್ಟುಕೊಂಡು ನಾನು ಸುಳ್ಳು ಹೇಳಿಲ್ಲ ಎಂದು ಬಹಳ ದಿನ ವಾದ ಮಾಡಿದ್ದೇನೆ, ನನ್ನ ಜೊತೆಗೇ. ಮೇಡಂ ಮನೆಯಲ್ಲೇ ಕೂತು ನೋಡಿ, ನನ್ನ ಕೈಯಲ್ಲಿ ಡಬ್ಬಿ ಕಳಿಸಿರಬೇಕು ಎಂದು ಎಲ್ಲರೂ ಅಂದುಕೊಂಡರು. ಕಿರಣ್ ಬಟನ್ ಒತ್ತಿದ.

ಶನಿವಾರ ಹೆಗ್ಗನಹಳ್ಳಿಯ ಒಂದು ಕ್ಲಿನಿಕ್ಕಿಗೆ ಒಬ್ಬಾಕೆ ಜ್ವರ ಎಂದು ಬಂದರು. ಊದುಬತ್ತಿ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಆಕೆಗೆ ಒಂದು ಬಗೆಯ ಮಾತ್ರೆ ಆಗುವುದಿಲ್ಲ, ಅದು ಫೈಲಿನಲ್ಲಿ ಕೆಂಪಕ್ಷರದಲ್ಲಿ ಇತ್ತು. ಆದರೆ ಆಕೆಯದೂ ಅತ್ತೆಯದೂ ಒಂದೇ ಫೋನ್ ನಂಬರು. ನಮ್ಮ ಕುಂದಾ ಎರಡು ಫೈಲನ್ನೂ ಸೇರಿಸಿ ಒಂದು ಮಾಡಿತ್ತು, ಅತ್ತೆಯದು ಉಳಿದಿತ್ತು, ಕೆಂಪಕ್ಷರ ಹೋಗಿತ್ತು. ಅಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರು ಆ ಮಾತ್ರೆಯನ್ನೇ ಬರೆದರು. ಸಂಜೆಯ ಹೊತ್ತಿಗೆ ಆಕೆಯ ಮುಖ ಊದಿ ಉಸಿರು ಸಿಕ್ಕಿಕೊಂಡಿತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡರು.

ಸೋಮವಾರ ನಾನು ಘಟನೆಯ ವರದಿ ಬರೆದೆ. ಅದರಲ್ಲಿ ‘ಪರೀಕ್ಷಿಸಿ ಒಪ್ಪಿದವರು’ ಎಂಬ ಜಾಗವೊಂದಿದೆ. ಅಲ್ಲಿ ಅವರ ಹೆಸರು ಬರೆದೆ. ಎಲ್ಲ ವರದಿಯಲ್ಲೂ ಅಲ್ಲಿ ಅವರ ಹೆಸರೇ ಇರುವುದು, ಅಭ್ಯಾಸದಿಂದ ಬರೆದೆ ಎನ್ನಬಹುದು. ಅಭ್ಯಾಸದಿಂದ ಬರೆಯಲಿಲ್ಲ. ಬೆರಳು ನಿಂತಿತ್ತು, ಆಮೇಲೆ ಬರೆದೆ.

ಮೀಟಿಂಗಿನಲ್ಲಿ ಸಾರ್ ವರದಿ ಓದಿ ತಲೆ ಎತ್ತಿದರು. "ಮೇಡಂ, ಇದನ್ನ ನೀವು ನೋಡಿದ್ರಾ?" ಎಂದರು. ಕೋಪಕ್ಕಿಂತ ನೋವು ಹೆಚ್ಚಿತ್ತು ಅವರ ದನಿಯಲ್ಲಿ.

ಮೇಡಂ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಕಿರಣ್, "ಡಬ್ಬಿ ಇತ್ತು ಸಾರ್. ಮೇಡಂ ಹೆಸರಿಂದೇ ಡಬ್ಬಿ. ಅದಕ್ಕೇ ನಾನು ಒತ್ತಿದ್ದು" ಎಂದ.

ಮೇಡಂ ನನ್ನ ಕಡೆ ತಿರುಗಿದರು. ನಾನು ಲ್ಯಾಪ್‌ಟಾಪ್ ನೋಡುತ್ತಿದ್ದೆ. ಪರದೆ ಆರಿಹೋಗಿ ನನ್ನ ಮುಖವೇ ಕಾಣುತ್ತಿತ್ತು, ಆದರೂ ನೋಡುತ್ತಲೇ ಇದ್ದೆ. ಅವರು ಸಾರ್ ಕಡೆ ತಿರುಗಿ, "ಡಬ್ಬಿ ನಂದ ಐತ್ರಿ ಸಾರ್" ಎಂದರು. ಮತ್ತೇನೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಮೂರು ವರ್ಷದಿಂದ ಯೋಚಿಸಿದ್ದೇನೆ. ನನಗೆ ಚಿಕ್ಕ ಮಗು ಇದೆ ಎಂದೋ, ತಮ್ಮಾ ಎಂದು ಕರೆದವನನ್ನು ನಾಲ್ಕು ಜನರ ಮುಂದೆ ಹಿಡಿದುಕೊಡಬಾರದು ಎಂದೋ, ಅಥವಾ ನಾನೇ ಈಗ ಬಾಯಿ ಬಿಡುತ್ತೇನೆ ಎಂದು ಕಾದರೋ. ಮೂರನೆಯದೇ ಇರಬೇಕು.

ಆವತ್ತು ಮಧ್ಯಾಹ್ನ ಅವರು ಆಸ್ಪತ್ರೆಗೆ ಹೋಗಿ ಆ ಹೆಂಗಸನ್ನು ನೋಡಿಕೊಂಡು ಬಂದರು. ನಾನು ಹೋಗಲಿಲ್ಲ. "ಮುಖಾ ಇಳದೈತಿ. ಅನ್ನಾ ಸಾರು ತಿಂದ್ಲು" ಎಂದು ನನ್ನ ಮೇಜಿನ ಹತ್ತಿರ ಬಂದು ಹೇಳಿ ಹೋದರು. ನನಗೆ ನೆಮ್ಮದಿಯಾಗಲಿ ಎಂದೇ ಹೇಳಿದ್ದು. ನಾನು ಹ್ಞೂಂ ಎಂದೆ.

ಸಾರ್ ಅವರನ್ನು ಟೆಸ್ಟಿಂಗಿನಿಂದ ತೆಗೆದು ಮತ್ತೆ ಬರೀ ಫೋನಿಗೆ ಹಾಕಿದರು. ನಾನೂ ನನ್ನ ಕೈಲಾದದ್ದು ಮಾಡಿದೆ. ಮಗನ ಸ್ಕೂಲು, ಸ್ಕೂಟರ್ ರಿಪೇರಿ, ಬೇರೆ ದಾರಿಯಲ್ಲಿ ಕೆಲಸ, ದಿನಕ್ಕೊಂದು ನೆಪ ಹೇಳಿ ಅವರನ್ನು ಕರೆದೊಯ್ಯುವುದು ತಪ್ಪಿಸಿದೆ. ಒಂದು ವಾರದ ಮೇಲೆ ಅವರು ಕೇಳುವುದನ್ನೇ ಬಿಟ್ಟರು. ಒಂದು ಬೆಳಗ್ಗೆ ಬಸ್ ಸ್ಟಾಪಿನಲ್ಲಿ ಚೀಲ ಎದೆಗವಚಿಕೊಂಡು ನಿಂತಿದ್ದನ್ನು ದೂರದಿಂದ ಕಂಡು, ಸ್ಕೂಟರನ್ನು ಅಡ್ಡರಸ್ತೆಗೆ ತಿರುಗಿಸಿದೆ. ಅವರು ನನ್ನನ್ನು ನೋಡಿದರು. ತಿಂಗಳು ತುಂಬುವ ಮೊದಲೇ, ಮನೆಯವರ ಕಣ್ಣು ನೋಡಿಕೊಳ್ಳಬೇಕು ಎಂದು ಹೇಳಿ ಕೆಲಸ ಬಿಟ್ಟರು. ಬೀಳ್ಕೊಡುಗೆಗೆ ಸಾರ್ ಬಾಯಲ್ಲಿ ನಾಲ್ಕು ಒಳ್ಳೆಯ ಮಾತು ಬಂದವು. ನಾನು ಶಾಲು ಹೊದಿಸಿದೆ. ಈ ಕೈಯಿಂದಲೇ.

ಡಬ್ಬಿಯನ್ನು ಅವರು ತೊಳೆದು ಮೂಲೆ ಮೇಜಿನ ಮೇಲೆ ಬೋರಲು ಹಾಕಿ ಹೋಗಿದ್ದರು. ದಿನಾ ಕಣ್ಣಿಗೆ ಬೀಳುತ್ತದೆ ಎಂದು ಮನೆಗೆ ತಂದುಬಿಟ್ಟೆ.

ಆಫೀಸಿನಲ್ಲಿ ಒಂದು ಹೊಸ ಮಾತು ಹುಟ್ಟಿಕೊಂಡಿತು. ಏನಾದರೂ ಎಡವಟ್ಟಾದರೆ ‘ಕುಂದಾ ಆಯ್ತು’ ಎನ್ನುವುದು. ಮೇಡಂ ಮುಖವನ್ನೂ ನೋಡದ ಹೊಸ ಹುಡುಗರು, "ಮಚ್ಚಾ, ಇದೂ ಕುಂದಾ ಆದ್ರೆ ಮುಗೀತು ಕಥೆ" ಎಂದು ನಗುತ್ತಾರೆ. ಅವರು ಅಷ್ಟು ವರ್ಷ ಕಾದಿರಿಸಿದ ತವರಿನ ಹೆಸರು ನಮ್ಮಲ್ಲಿ ಬೈಗುಳವಾಯಿತು. ಅಪ್‌ಡೇಟುಗಳಿಗೆ ಸಿಹಿಯ ಹೆಸರು ಈಗಲೂ ಇಡುತ್ತೇವೆ. ತಿಂಡಿ ಯಾರೂ ತರುವುದಿಲ್ಲ.

ಅವರು ಕೆಲಸ ಬಿಟ್ಟು ವರ್ಷವಾದ ಮೇಲೆ ಒಂದು ಭಾನುವಾರ ಧೈರ್ಯ ಮಾಡಿ, ಬರುತ್ತೇನೆಂದು ಫೋನಿನಲ್ಲಿ ಹೇಳಿ, ಡಬ್ಬಿ ಹಿಡಿದು ಕೆಂಗೇರಿಗೆ ಹೋದೆ. ಹೇಳಿಬಿಡಬೇಕೆಂದೇ ಹೋದದ್ದು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಎಂದು ಹೆಂಡತಿ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟಿದ್ದಳು. ಮೇಡಂ ಬಾಗಿಲು ತೆಗೆದವರೇ, "ಬಂದ್ಯಾ ತಮ್ಮಾ" ಎಂದರು. ನಿನ್ನೆ ತಾನೇ ನೋಡಿದವರ ಹಾಗೆ. ಗಂಡ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಮಗನನ್ನು ಕೇಳಿದರು, ಕಿರಣನನ್ನು ಕೇಳಿದರು, ಆ ‘ಯಾಕೆ’ ಚೌಕ ಇನ್ನೂ ಇದೆಯೇ ಎಂದು ಕೇಳಿದರು. ಆ ಶನಿವಾರದ ಸಂಗತಿಯನ್ನು ಮಾತ್ರ ಕೇಳಲಿಲ್ಲ. ಒಳಗಿನಿಂದ ಒಂದು ತಟ್ಟೆ ತಂದು ನನ್ನ ಮುಂದಿಟ್ಟರು. ಕಂದು ಬಣ್ಣದ, ತರಿತರಿಯಾದ ಕುಂದಾ. ನಾನು ಒಂದು ಚಮಚ ಬಾಯಿಗಿಟ್ಟೆ.

"ಇದರಾಗ ಗೋಡಂಬಿ ಇಲ್ಲ ನೋಡು" ಎಂದರು.

ಚಮಚ ಬಾಯಲ್ಲೇ ನಿಂತಿತು. ಅಂದರೆ ಆ ಸೋಮವಾರ ಬೆಳಗ್ಗೆ ಡಬ್ಬಿ ತೊಳೆಯುವಾಗಲೇ ಅವರು ಕಂಡಿದ್ದರು. ಅಂಗಡಿಯ ಕುಂದಾದ ಗೋಡಂಬಿ ಚೂರು ಅಂಚಿನಲ್ಲಿ ಉಳಿದಿರಬೇಕು. ಮೀಟಿಂಗಿಗೆ ಬರುವ ಮೊದಲೇ ಅವರಿಗೆ ಎಲ್ಲ ಗೊತ್ತಿತ್ತು. ನನ್ನ ಎದುರು ಕೂತು, ಕೈ ಮಡಿಲಲ್ಲಿಟ್ಟುಕೊಂಡು, ಅವರು ಸುಮ್ಮನೆ ನನ್ನನ್ನೇ ನೋಡುತ್ತಿದ್ದರು. ಸಿಟ್ಟಿರಲಿಲ್ಲ. ಬಾಗಿಲು ತೆರೆದಿಟ್ಟಿದ್ದರು, ನಾನು ಒಳಗೆ ಕಾಲಿಟ್ಟರೆ ಸಾಕಿತ್ತು.

"ತುಂಬಾ ಚೆನ್ನಾಗಿದೆ ಮೇಡಂ" ಎಂದೆ.

ಅವರು "ಹ್ಞಾಂ" ಎಂದು ಎದ್ದರು. ಹೊರಡುವಾಗ ಡಬ್ಬಿಯ ಸಕ್ಕರೆ ತೆಗೆದುಕೊಂಡು, ಉಳಿದ ಕುಂದಾವನ್ನೆಲ್ಲ ಅದಕ್ಕೇ ತುಂಬಿ ನನ್ನ ಕೈಗಿಟ್ಟರು. "ಮನ್ಯಾಗ ಕೊಡು. ಡಬ್ಬಿ ಮತ್ತ ತಂದ್ಕೊಡು" ಎಂದರು. ಇನ್ನೊಂದು ಸಲ ಬಾ ಎಂದು ಕರೆದದ್ದು ಅದು. ಎರಡು ವರ್ಷ ನಾನು ಹೋಗಲಿಲ್ಲ.

ಹೋದ ವಾರ ಹೋದೆ. ಗಂಡ ಒಬ್ಬರೇ ಇದ್ದರು. ಡಬ್ಬಿ ಮುಂದಿಟ್ಟೆ. ಅವರು ಮುಚ್ಚಳದ ಮೇಲಿನ ಹೆಸರನ್ನು ಬೆರಳಿನಿಂದ ಸವರಿ, "ಡಬ್ಬಿ ಎಲ್ಲೈತಿ ಅಂತ ನಾ ಒಮ್ಮೆ ಕೇಳಿದ್ದೆ. ತಮ್ಮನ ಕಡೆ ಐತಿ, ತಾನಾಗೇ ತರ್ತಾನ, ನೀವು ಕೇಳಬ್ಯಾಡ್ರಿ ಅಂದಿದ್ಲು" ಎಂದರು. ನನ್ನಿಂದ ತಡೆಯಲಾಗಲಿಲ್ಲ. ಅಲ್ಲೇ, ಅವರ ಮುಂದೆ, ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಡಬ್ಬಿಯನ್ನು ನನ್ನ ಕಡೆ ಮೆಲ್ಲಗೆ ಸರಿಸಿದರು. "ನನಗ ಹೇಳಿ ಏನ್ ಮಾಡ್ತೀರಿ? ಆಕೀ ಹೆಸರು ಕೆಟ್ಟಿದ್ದು ಅಲ್ಲಿ" ಎಂದರು.

ನಿನ್ನೆ ಬೆಳಗ್ಗೆ ಹತ್ತೂವರೆಗೆ ಮೀಟಿಂಗ್ ಇತ್ತು. ಹೊಸ ಅಪ್‌ಡೇಟಿಗೆ ಮೇಡಂ ನೆನಪಿಗೆ ಅವರ ಊರ ಕಡೆಯ ಒಂದು ತಿಂಡಿಯ ಹೆಸರಿಡೋಣ ಎಂದರು ಸಾರ್. ಹಿಂದಿನಿಂದ ಯಾರೋ ಹೊಸಬ, "ಕುಂದಾ ಒಂದ್ ಬಿಟ್ಟು ಏನ್ ಬೇಕಾದ್ರೂ ಇಡಿ ಸಾರ್" ಎಂದ. ಎಲ್ಲರೂ ನಕ್ಕರು. ತಡೆಯಲಾರದೆ ಸಾರ್ ಕೂಡ ನಕ್ಕರು.

ನಾನು ಎದ್ದು ನನ್ನ ಸೀಟಿಗೆ ಬಂದೆ. ಚೀಲದಿಂದ ಡಬ್ಬಿ ತೆಗೆದು ಮೂಲೆ ಮೇಜಿನ ಮೇಲಿಟ್ಟೆ, ಖಾಲಿಯಾಗಿಯೇ. ಆಮೇಲೆ ಮೂರು ವರ್ಷದ ಹಿಂದಿನ ವರದಿ ತೆರೆದೆ. ‘ಪರೀಕ್ಷಿಸಿ ಒಪ್ಪಿದವರು’ ಎಂಬಲ್ಲಿ ಅವರ ಹೆಸರು ಹಾಗೇ ಇತ್ತು. ಒಂದೊಂದೇ ಅಕ್ಷರ ಅಳಿಸಿದೆ. ನನ್ನ ಹೆಸರು ಬರೆದೆ. ಒತ್ತಿದೆ.

ಚೌಕ ಬಂತು. ‘ಯಾಕೆ?’

‘ತಪ್ಪು ಮಾಹಿತಿ ಸರಿಪಡಿಸಿದೆ’ ಎಂದು ಟೈಪ್ ಮಾಡಿದೆ. ಅದು ಒಪ್ಪಿಕೊಳ್ಳುತ್ತಿತ್ತು. ಸರಿ ಮಾಡೀನಿ ಅನ್ನೂದು ಕಾರಣ ಅಲ್ಲೋ ಎಂದು ಹಿಂದಿನಿಂದ ಭುಜ ಚಿವುಟಿದ ಹಾಗಾಯಿತು. ಅಳಿಸಿದೆ. ಮತ್ತೆ ಬರೆದೆ: ‘ಡಬ್ಬಿ ಅವರದು. ಕುಂದಾ ಅಂಗಡಿಯದು. ತಂದು ತುಂಬಿಸಿ ಇಟ್ಟವನು ನಾನು. ಸೋಮವಾರದ ತನಕ ಬಿಡಬೇಡ ಎಂದು ಅವರು ನನಗೆ ಹೇಳಿದ್ದರು.’

ಒತ್ತಿದೆ. ಬದಲಾದ ಸುದ್ದಿ ಎಲ್ಲರಿಗೂ ಹೋಗಬೇಕು ಎಂದು ಹಟ ಹಿಡಿದವರು ಅವರೇ. ಮೀಟಿಂಗ್ ನಡೆಯುತ್ತಿದ್ದ ಕೋಣೆಯಲ್ಲಿ ಫೋನುಗಳು ಒಂದರ ಹಿಂದೊಂದು ಸದ್ದು ಮಾಡಿದವು. ನಗು ನಿಂತಿತು.

ಮೊದಲು ಹೊರಗೆ ಬಂದವನು ಕಿರಣ್. ಕೈಯಲ್ಲಿ ಫೋನಿತ್ತು. ಮೂಲೆ ಮೇಜಿನ ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ. ಅವನಿಗೀಗ ಕಿವಿಯ ಹತ್ತಿರ ಕೂದಲು ನರೆತಿದೆ. ಆ ಬಟನ್ ಒತ್ತಿದ್ದು ತಾನು ಎಂದು ಅವನು ಈ ಮೂರು ವರ್ಷ ಏನೇನು ಅನುಭವಿಸಿದ್ದಾನೋ, ಅದನ್ನು ನಾನು ಒಂದು ದಿನವೂ ಯೋಚಿಸಿರಲಿಲ್ಲ.

"ಬಾಸ್," ಎಂದ, "ಅವತ್ತು ಮೇಡಂ ಕಳ್ಸಿದ್ರಾ ಅಂತ ನಾನ್ ಕೇಳಿದ್ದೆ ಅಲ್ವಾ?"

"ನೀನು ಕೇಳಿದ್ದೆ ಕಣೋ" ಎಂದೆ. "ಕೇಳಿದ್ದೆ. ನಾನು ಹೇಳಲಿಲ್ಲ."